ನಲವತ್ತು ಅಕ್ಷರಗಳ ಬೆರಳಚ್ಚು

ನಮ್ಮ ಆಫೀಸಿನಲ್ಲಿ ನನಗೆ ಚೆಕ್‌ಪೋಸ್ಟ್ ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೆ ನನ್ನ ಕಿವಿ ಚುರುಕು. ಆಸ್ಪತ್ರೆಗಳಲ್ಲಿ ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಔಷಧಿ ಬಿಡುವ ಪುಟ್ಟ ಪಂಪುಗಳನ್ನು ನಾವು ತಯಾರಿಸುತ್ತೇವೆ. ಆ ಪಂಪಿನ ಸಾಫ್ಟ್‌ವೇರಿಗಾಗಿ ಹೊರಗಿನಿಂದ ಬರುವ ಪ್ರತಿಯೊಂದು ಸೋರ್ಸ್ ಫೈಲೂ ಮೊದಲು ನನ್ನ ಮೇಜಿಗೆ ಬರಬೇಕು. ಬರೆದವರೇ ಕಳಿಸಿದ್ದಾರೋ, ದಾರಿಯಲ್ಲಿ ಯಾರಾದರೂ ಕೈಯಾಡಿಸಿದ್ದಾರೋ ನೋಡಿ ಒಳಗೆ ಬಿಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಯಾರ ಮುಖ ನೋಡಿಯೂ ಒಂದು ಫೈಲನ್ನು ಒಳಗೆ ಬಿಟ್ಟವಳಲ್ಲ.

ನನ್ನ ಕೋಣೆ ಎರಡನೇ ಮಹಡಿಯ ಮೂಲೆಯಲ್ಲಿದೆ. ಮೊದಲು ಅಲ್ಲಿ ಪೊರಕೆ, ಬಕೆಟ್ಟು ಇಡುತ್ತಿದ್ದರು. ಇರುವ ಒಂದೇ ಕಿಟಕಿಯಿಂದ ಪಕ್ಕದ ಕಟ್ಟಡದ ಗೋಡೆ ಕಾಣುತ್ತದೆ, ಗೋಡೆಯ ಮೇಲೆ ಒಂದು ನೀರಿನ ಪೈಪು. ಶುಕ್ರವಾರ ಸಂಜೆ ಐದೂವರೆಗೆ ಬಾಗಿಲು ಎಳೆದುಕೊಂಡು ಹೊರಟರೆ ಸೋಮವಾರ ಬೆಳಿಗ್ಗೆ ಒಂಬತ್ತರವರೆಗೆ ನಾನು ಒಂದು ಮಾತೂ ಆಡಿರುವುದಿಲ್ಲ. ಸೋಮವಾರ ವಾಚ್‌ಮನ್‌ಗೆ ನಮಸ್ಕಾರ ಹೇಳಲು ಹೋದರೆ ಗಂಟಲಿನಿಂದ ಗಾಳಿ ಮಾತ್ರ ಬರುತ್ತದೆ. ಅಮ್ಮ ಇದ್ದಾಗ ಹೀಗಿರಲಿಲ್ಲ. ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಅಕ್ಕ ಇದೇ ಊರಿನಲ್ಲಿದ್ದಾಳೆ, ಫೋನ್ ಮಾಡಿದರೆ, "ಒಲೆ ಮೇಲೆ ಕುಕ್ಕರ್ ಇಟ್ಟಿದೀನಿ ಕಣೇ, ಆಮೇಲೆ ಮಾಡ್ತೀನಿ" ಅನ್ನುತ್ತಾಳೆ. ಆ ಕುಕ್ಕರ್ ನಾಲ್ಕು ವರ್ಷದಿಂದ ಇಳಿದಿಲ್ಲ.

ನನಗೆ ತಾವಾಗಿಯೇ ಫೋನ್ ಮಾಡುತ್ತಿದ್ದವರು ಒಬ್ಬರೇ. ಆಫೀಸಿನಲ್ಲಿ ಎಲ್ಲರೂ ಅವರನ್ನು ಗಡಿಯಾರದವರು ಎನ್ನುತ್ತಾರೆ. ಬಸ್ಸಿನಲ್ಲಿ ಮೂರು ಗಂಟೆ ದೂರದ ಊರಿನಲ್ಲಿ ಗಡಿಯಾರ ರಿಪೇರಿ ಮಾಡುವವರು. ಪ್ರೋಗ್ರಾಂ ಬರೆಯುವುದನ್ನು ತಾವೇ ಕಲಿತು, ಕಾಲವನ್ನು ಕರಾರುವಾಕ್ಕಾಗಿ ಎಣಿಸುವ ಒಂದು ಸಣ್ಣ ಪ್ರೋಗ್ರಾಂ ಬರೆದು, ಬೇಕಾದವರು ಬಳಸಿಕೊಳ್ಳಲಿ ಎಂದು ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದರು. ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ ಎಷ್ಟು ಹೊತ್ತು ಎಂದು ನಮ್ಮ ಪಂಪು ಲೆಕ್ಕ ಹಾಕುವುದು ಅದರಿಂದಲೇ.

ಅವರ ಫೈಲಿನ ಜೊತೆ ಎರಡು ವಸ್ತು ಬರುತ್ತವೆ. ಒಂದು ಚೆಕ್‌ಸಮ್. ಫೈಲಿನ ಎಲ್ಲ ಅಕ್ಷರಗಳನ್ನೂ ಒಟ್ಟಿಗೆ ಅರೆದು ತೆಗೆದ ಒಂದು ಉದ್ದನೆಯ ಸಂಖ್ಯೆ ಅದು. ಫೈಲಿನಲ್ಲಿ ಒಂದು ಕಾಮಾ ಬದಲಾದರೂ ಇಡೀ ಸಂಖ್ಯೆ ಬದಲಾಗುತ್ತದೆ. ಇನ್ನೊಂದು ಡಿಜಿಟಲ್ ಸಹಿ. ಅದನ್ನು ಹಾಕಲು ಅವರೊಬ್ಬರ ಹತ್ತಿರ ಮಾತ್ರ ಇರುವ ಗುಟ್ಟಿನ ಕೀ ಬೇಕು. ಸಹಿ ಅದೇ ಕೀಯಿಂದ ಬಿದ್ದಿದ್ದೇ ಎಂದು ಅದರ ಬಹಿರಂಗ ಜೋಡಿಯಿಂದ ನಾನು ಪರೀಕ್ಷಿಸುತ್ತೇನೆ. ಆ ಜೋಡಿ ನಿಜಕ್ಕೂ ಅವರದ್ದೇ ಎಂದು ತಿಳಿಯಲು ಅದರ ಬೆರಳಚ್ಚು ನೋಡಬೇಕು. ನಾಲ್ಕು ನಾಲ್ಕರ ಹತ್ತು ಗುಂಪು, ಒಟ್ಟು ನಲವತ್ತು ಅಕ್ಷರ. ಅದನ್ನು ಈಮೇಲಿನಲ್ಲಿ ನಂಬುವ ಹಾಗಿಲ್ಲ. ಬಾಯಿಂದ ಬಾಯಿಗೆ ಓದಿ ಹೇಳಬೇಕು.

ಹನ್ನೊಂದು ವರ್ಷದ ಹಿಂದೆ, ಮಾರ್ಚ್ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಮೊದಲ ಸಲ ಓದಿದೆವು. ಅವರು ಒಂದು ಗುಂಪು, ನಾನು ಮುಂದಿನ ಗುಂಪು, ಮತ್ತೆ ಅವರು. ಅವರ ಕೀಗೆ ಒಂದು ವರ್ಷದ ಅವಧಿ ಇತ್ತು. ಹಾಗಾಗಿ ಪ್ರತಿ ಮಾರ್ಚಿನಲ್ಲಿ ಅವಧಿಯನ್ನು ಒಂದು ವರ್ಷ ಮುಂದೂಡಿ ಮತ್ತೆ ಫೋನ್ ಮಾಡುತ್ತಿದ್ದರು, ಮತ್ತೆ ಓದುತ್ತಿದ್ದೆವು. ಮೊದಲ ವರ್ಷ ನಾಲ್ಕು ನಿಮಿಷ ಮಾತಾಡಿದೆವು. ಐದನೆಯ ವರ್ಷಕ್ಕೆ ಅದು ನಲವತ್ತು ನಿಮಿಷವಾಗಿತ್ತು. ಅವರ ಗಿರಾಕಿಗಳ ಜಿಪುಣತನ, ನನ್ನ ಮಂಡಿನೋವು, ಯಾವ ಕಂಪನಿಯ ಬ್ಯಾಟರಿ ಸೋರುತ್ತದೆ, ಎಲ್ಲವೂ ಬರುತ್ತಿತ್ತು. ಅಮ್ಮ ಹೋದ ವರ್ಷ ಎಂಟನೇ ಗುಂಪು ಓದುತ್ತಾ ನಡುವೆಯೇ ನಿಂತುಬಿಟ್ಟೆ. ಅವರು ಏನೂ ಕೇಳದೆ ಕಾದರು. ಅಮ್ಮನಿಗಾಗಿ ನಾನು ಬಾಯಿಬಿಟ್ಟು ಅತ್ತದ್ದು ಆವತ್ತು ಒಂದೇ ದಿನ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಅವಧಿ ಮುಂದೂಡಿದರೆ ಕೀಯ ಬೆರಳಚ್ಚು ಬದಲಾಗುವುದಿಲ್ಲ. ಮೊದಲ ವರ್ಷ ಓದಿದ ಅವೇ ನಲವತ್ತು ಅಕ್ಷರ. ಮತ್ತೆ ಓದುವ ಅಗತ್ಯ ಒಂದು ಸಲವೂ ಇರಲಿಲ್ಲ. ಈ ವಿಷಯ ಅವರಿಗೆ ಗೊತ್ತಿಲ್ಲ, ತಾವೇ ಕಲಿತವರಲ್ಲವೇ, ಎಲ್ಲೋ ತಪ್ಪಿಸಿಕೊಂಡಿದೆ ಎಂದುಕೊಂಡಿದ್ದೆ. ಹೇಳಿದರೆ ಫೋನ್ ನಿಂತುಹೋಗುತ್ತದೆ ಎಂದು ಹತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡೆ. ಕಟ್ಟುನಿಟ್ಟಿಗೆ ಹೆಸರಾದ ಚೆಕ್‌ಪೋಸ್ಟು ಮಾಡಿದ ಕಳ್ಳತನ ಇದೊಂದೇ. ನಾನೇ ಫೋನ್ ಮಾಡಬಹುದಿತ್ತು ನಿಜ. ಆದರೆ ನೆಪವಿಲ್ಲದೆ ಫೋನ್ ಮಾಡಿ ಏನಂತ ಹೇಳುವುದು?

ಈ ಮಾರ್ಚಿನ ಎರಡನೇ ಸೋಮವಾರ ಹತ್ತು ಗಂಟೆಗೇ ನೀರು ಕುಡಿದು ಗಂಟಲು ಸರಿಮಾಡಿಕೊಂಡು ಕುಳಿತೆ. ಫೋನ್ ಬರಲಿಲ್ಲ. ಗುರುವಾರ ಅವರ ಕೀಯ ಮುಂದೆ 'ಅವಧಿ ಮುಗಿದಿದೆ' ಎಂದು ಬಂತು. ನಾನೇ ಫೋನ್ ಮಾಡಿದರೆ ಸ್ವಿಚ್ ಆಫ್. ಮರುದಿನವೂ ಅಷ್ಟೇ, ಮರುವಾರವೂ ಅಷ್ಟೇ. ನನ್ನ ಗೋಳು ಸಾಕಾಗಿದೆ ಅವರಿಗೆ, ಯಾರಾದರೂ ಎಷ್ಟು ವರ್ಷ ಸಹಿಸುತ್ತಾರೆ ಎಂದು ಸಿಟ್ಟು ಬಂತು. ಆಮೇಲೆ ಸಿಟ್ಟು ಹೋಯಿತು, ಅದು ಹೋದ ಜಾಗಕ್ಕೆ ಬೇರೆ ಏನೂ ಬರಲಿಲ್ಲ.

ಮೇ ತಿಂಗಳಲ್ಲಿ ಅವರ ಹೊಸ ಆವೃತ್ತಿ ಬಂತು. ವರ್ಷದ ಕೊನೆಯ ದಿನ ಎಣಿಕೆಯಲ್ಲಿ ಆಗುತ್ತಿದ್ದ ಒಂದು ತಪ್ಪನ್ನು ಅದರಲ್ಲಿ ಸರಿಪಡಿಸಿತ್ತು, ನಮಗೆ ಅದು ಬೇಕೇ ಬೇಕಿತ್ತು. ಚೆಕ್‌ಸಮ್ ಹೊಂದಿತು. ಸಹಿ ಮಾತ್ರ ನಾನು ಎಂದೂ ಕಾಣದ ಹೊಸ ಕೀಯದು. ಜೊತೆಗೆ ಒಂದು ಈಮೇಲ್: 'ಹಳೆ ಕೀ ಹೋಯಿತು ಇದು ಹೊಸದು ಒಪ್ಪಿಕೊಳ್ಳಿ'. ಕೆಳಗೆ ಬೇರೆ ಫೋನ್ ನಂಬರು. ಒಂದು ಕಾಮಾ ಇಲ್ಲ, ಕೊನೆಗೆ ಚುಕ್ಕಿ ಇಲ್ಲ. ಗಡಿಯಾರದವರು ವಿವರಣೆಯಲ್ಲಿ ಕಾಮಾ ತಪ್ಪಿದೆ ಎಂದು ಹೊಸ ಆವೃತ್ತಿ ಬಿಟ್ಟ ಮನುಷ್ಯ. ಇದನ್ನು ಬರೆದವರು ಅವರಲ್ಲ ಎಂದು ನನಗೆ ನೋಡಿದ ಕೂಡಲೇ ಅನಿಸಿತು.

ಆ ನಂಬರಿಗೆ ಫೋನ್ ಮಾಡಿದೆ. ಒಬ್ಬ ಹೆಂಗಸು ಎತ್ತಿದರು.

"ಅವರಿಗೆ ಲಕ್ವ ಹೊಡೆದಿದೆ. ಬಲಗೈ ಬಿದ್ದುಹೋಗಿದೆ, ಮಾತೂ ಹೋಗಿದೆ. ನಾನು ಅವರ ಅತ್ತಿಗೆ."

ಯಾವಾಗ ಎಂದು ಕೇಳಲು ಬಾಯಿ ತೆರೆದೆ. ಅದರ ಹಿಂದೆಯೇ ಕಸುಬಿನ ಬುದ್ಧಿ ಎದ್ದು ಕುಳಿತಿತು. ದನಿಯೊಂದೇ ಗುರುತಾಗಿರುವ ಮನುಷ್ಯನ ವೇಷ ಹಾಕುವ ಕಳ್ಳ ಬೇರೆ ಯಾವ ನೆಪ ಹೇಳುತ್ತಾನೆ? ಮಾತು ಹೋಗಿದೆ ಎಂದೇ ಹೇಳುತ್ತಾನೆ. ಸರಿ ಎಂದು ಫೋನಿಟ್ಟು ಮ್ಯಾನೇಜರ್ ಹತ್ತಿರ ಹೋದೆ.

"ಚೆಕ್‌ಸಮ್ ಹೊಂದುತ್ತಲ್ಲ ಮೇಡಂ?" ಅಂದ ಮ್ಯಾನೇಜರ್. ನನಗಿಂತ ಹದಿನೈದು ವರ್ಷ ಚಿಕ್ಕವನು, ಸದಾ ಯಾವುದೋ ರೈಲು ತಪ್ಪುವವನ ಹಾಗೆ ಆಡುತ್ತಾನೆ.

"ಫೈಲ್ ಇಟ್ಟವರೇ ಪಕ್ಕದಲ್ಲಿ ಚೆಕ್‌ಸಮ್ಮೂ ಇಟ್ಟಿದಾರೆ. ನಾನೇ ಪರೀಕ್ಷೆ ಬರೆದು ನಾನೇ ಮಾರ್ಕ್ಸ್ ಹಾಕ್ಕೊಂಡ್ರೆ ಫೇಲಾಗ್ತೀನಾ?"

"ಸಹಿನೂ ಇದೆಯಲ್ಲ."

"ಯಾರ ಸಹಿ?"

"ಅವರದ್ದೇ ಅಂತ ಬರೆದಿದಾರಲ್ಲ ಮೇಡಂ."

"ಬರೆಯೋಕೇನು, ನಾನೂ ಬರೀತೀನಿ ಮಹಾರಾಣಿ ಅಂತ. ಒಳಗೆ ಯಾರೋ ಏನೋ ಸೇರಿಸಿದ್ರೆ ಪಂಪು ಹತ್ತು ಹನಿ ಬಿಡೋ ಕಡೆ ನೂರು ಬಿಡುತ್ತೆ. ಆಮೇಲೆ ಆಸ್ಪತ್ರೆಗೆ ಹೋಗಿ ನೀವು ಹೇಳ್ತೀರಾ, ಚೆಕ್‌ಸಮ್ ಹೊಂದಿತ್ತು ಅಂತ?"

ಅವನು ಹಣೆ ಒತ್ತಿಕೊಂಡ. "ಸೋಮವಾರ ಹೌದು ಅಥವಾ ಇಲ್ಲ ಅಂತ ಹೇಳಿಬಿಡಿ. ಇಲ್ಲ ಅಂದ್ರೆ ಗಡಿಯಾರದವರದ್ದು ತೆಗೆದುಹಾಕಿ ಬೇರೆಯವರದ್ದು ಹಾಕ್ಕೋತೀವಿ. ಒಬ್ಬ ಮುದುಕನ್ನ ನಂಬಿಕೊಂಡು ಎಷ್ಟು ದಿನ ಅಂತ ಇರೋದು?"

ಅವರಿಗೆ ಐವತ್ತೇಳು, ಮುದುಕರೇನಲ್ಲ ಎಂದು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಇಲ್ಲ ಎಂದರೆ ಅವರಿಗೂ ನನಗೂ ಇದ್ದ ಒಂದೇ ಕೊಂಡಿ ಕಳಚಿ ಬೀಳುತ್ತದೆ. ಹೌದು ಎಂದು, ಆಚೆ ಇರುವವರು ಬೇರೆ ಯಾರೋ ಆಗಿದ್ದರೆ, ಯಾರದ್ದೋ ಪ್ರಾಣ ನನ್ನ ತಲೆಯ ಮೇಲೆ ಬರುತ್ತದೆ. ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಚೀಲ ತಬ್ಬಿಕೊಂಡು ಬಸ್ಸು ಹತ್ತಿದೆ.

ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಷಟರ್ ಅರ್ಧ ಎಳೆದಿತ್ತು. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಕೈಗಡಿಯಾರಗಳು, ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ. ಅತ್ತಿಗೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಗಿರಾಕಿಯೊಬ್ಬನಿಗೆ, ಇನ್ನು ರಿಪೇರಿ ಇಲ್ಲ, ತೆಗೆದುಕೊಂಡು ಹೋಗಿ ಎಂದು ಹೇಳುತ್ತಿದ್ದರು. ಗಡಿಯಾರದವರ ಅಣ್ಣನ ಹೆಂಡತಿ, ಅಣ್ಣ ತೀರಿಕೊಂಡ ಮೇಲೆ ಮನೆಯನ್ನೂ ಅಂಗಡಿಯನ್ನೂ ನೋಡಿಕೊಳ್ಳುವವರು ಅವರೇ. ನನ್ನನ್ನು ನೋಡಿ, "ಫೋನಿನವರಾ? ಬನ್ನಿ ಮೇಲೆ, ಮೆಟ್ಟಿಲು ಕಡಿದು, ನಿಮ್ಮ ಮಂಡಿ ಜೋಪಾನ" ಎಂದರು. ನನ್ನ ಮಂಡಿಯ ವಿಷಯ ಇವರಿಗೆ ಹೇಗೆ ಗೊತ್ತು ಎಂದು ಕೇಳುವಷ್ಟರಲ್ಲಿ ಅವರು ಅರ್ಧ ಮೆಟ್ಟಿಲು ಹತ್ತಿಯಾಗಿತ್ತು.

ಮೇಲಿನ ಕೋಣೆಯಲ್ಲಿ ಗಡಿಯಾರದವರು ಕಿಟಕಿಯ ಪಕ್ಕ ಕುಳಿತಿದ್ದರು. ಹನ್ನೊಂದು ವರ್ಷದಲ್ಲಿ ನಾನು ಆ ದನಿಗೆ ಎತ್ತರದ, ಸಣಕಲು ಮನುಷ್ಯನೊಬ್ಬನನ್ನು ಹೊಂದಿಸಿಕೊಂಡಿದ್ದೆ. ಇವರು ಗಿಡ್ಡ, ತುಂಬು ಕೆನ್ನೆ, ಬಾಯಿಯ ಬಲತುದಿ ಕೆಳಗೆ ಜಾರಿತ್ತು. ಬಲಗೈಯನ್ನು ತೊಡೆಯ ಮೇಲೆ ಒಂದು ದಿಂಬಿನ ಮೇಲಿಟ್ಟಿದ್ದರು. ನನ್ನನ್ನು ಕಂಡು ಎಡಗೈ ಎತ್ತಿದರು. ನಾನು ನಿಂತಲ್ಲೇ ನಿಂತು, "ಗುರುತಿನ ಚೀಟಿ ತೋರಿಸ್ತೀರಾ?" ಎಂದೆ.

ಅತ್ತಿಗೆಯ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. "ಅಲ್ಲಾರೀ, ಮನೆಗೆ ಬಂದವರು ಒಂದು ಲೋಟ ನೀರು ಕುಡಿಯೋಕೆ ಮುಂಚೆ ಗುರುತಿನ ಚೀಟಿ ಕೇಳ್ತೀರಲ್ಲ, ನೀವೇನು ಪೊಲೀಸಾ?"

ಅವರು ಎಡಗೈಯಿಂದ ಅತ್ತಿಗೆಗೆ ಸುಮ್ಮನಿರಲು ಸನ್ನೆ ಮಾಡಿ ಮೇಜಿನ ಕಡೆ ತೋರಿಸಿದರು. ಚೀಟಿ ಅಲ್ಲಿ ಸಿದ್ಧವಾಗಿತ್ತು. ಹೆಸರು ಸರಿ, ಚಿತ್ರ ಸರಿ. ಆದರೆ ಆ ಹೆಸರಿನವರು ಇವರು ಎಂದಾಯಿತೇ ಹೊರತು, ಹಳೆಯ ಕೀ ಇಟ್ಟುಕೊಂಡು ನನ್ನ ಜೊತೆ ಮಾತಾಡಿದವರು ಇವರೇ ಎಂದಾಗಲಿಲ್ಲ. ಹಳೆಯ ಬೆರಳಚ್ಚು ಬರೆಯಿರಿ ಎಂದರೆ ಬರೆಯುತ್ತಾರೆ, ಅದು ಬಹಿರಂಗದ್ದು, ಯಾರು ಬೇಕಾದರೂ ಬರೆಯಬಹುದು.

"ಹಳೇ ಕೀ ಏನಾಯ್ತು?"

ಅತ್ತಿಗೆಯೇ ಹೇಳಿದರು. "ಕಂಪ್ಯೂಟರಲ್ಲೇ ಇದೆಯಂತೆ, ತೆಗೆಯೋಕೆ ಆಗ್ತಿಲ್ಲ. ಅದರ ಪಾಸ್‌ವರ್ಡು ಆರು ಪದ. ಆಸ್ಪತ್ರೆಯಿಂದ ಬಂದ ಮೇಲೆ ಐದು ನೆನಪಿದೆ, ಒಂದು ಹೋಗಿದೆ. ಎರಡು ತಿಂಗಳು ದಿನಾ ಕೂತು ಒಂದೊಂದು ಪದ ಹಾಕಿ ನೋಡಿದ್ರು. ನಿಘಂಟು ತಂದುಕೊಟ್ಟೆ, ಅದನ್ನೂ ಮುಗಿಸಿದ್ರು. ನನಗೆ ನೋಡೋಕಾಗದೆ ಹೊಸದು ಮಾಡ್ಕೊಳ್ಳಿ ಅಂತ ನಾನೇ ಬೈದೆ. ನಿಮಗೆ ಆ ಈಮೇಲ್ ಹಾಕಿದ್ದೂ ನಾನೇ."

ಹೊಸ ಪಾಸ್‌ವರ್ಡನ್ನು ಮರೆಯಬಾರದೆಂದು ಕಿಟಕಿಯ ಪಕ್ಕದ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದರು. ನನ್ನ ಮೈ ಉರಿದುಹೋಯಿತು. "ಮೊದಲು ಅದನ್ನ ಕಿತ್ತುಹಾಕಿ" ಎಂದೆ. ಅತ್ತಿಗೆ ಗೊಣಗುತ್ತಾ ಕಿತ್ತು, ಮಡಿಸಿ ರವಿಕೆಯೊಳಗೆ ಇಟ್ಟುಕೊಂಡರು. ಅಲ್ಲಿಂದ ಕದಿಯುವ ಕಳ್ಳ ಇನ್ನೂ ಹುಟ್ಟಿಲ್ಲ ಎಂದು ಸುಮ್ಮನಾದೆ.

ಆಗ ನನಗೆ ಉಳಿದಿದ್ದು ಒಂದೇ ದಾರಿ. ಕೀ ಹುಟ್ಟಿದ ದಿನವೇ ಅದರ ಸಾವಿನ ಪತ್ರವನ್ನೂ ಬರೆದಿಡುವುದು ನಮ್ಮ ಕಸುಬಿನ ಪದ್ಧತಿ. ರದ್ದುಪತ್ರ ಅನ್ನುತ್ತೇವೆ. ಕೀ ಕಳೆದುಹೋದರೆ, ಕಳುವಾದರೆ, ಅದನ್ನು ಕೊಲ್ಲಲು ಬೇಕಾಗುವ ಏಳೆಂಟು ಸಾಲು ಅಕ್ಷರಗಳು. ಆ ಗುಟ್ಟಿನ ಕೀ ಇದ್ದವರು ಮಾತ್ರ ಅದನ್ನು ಮಾಡಲು ಸಾಧ್ಯ. ಜಾಣರು ಅದನ್ನು ಕಂಪ್ಯೂಟರಿನಲ್ಲಿ ಬಿಡದೆ ಕಾಗದದ ಮೇಲೆ ಇಳಿಸಿ ಎತ್ತಿಡುತ್ತಾರೆ.

"ರದ್ದುಪತ್ರ ಇದೆಯಾ?" ಎಂದೆ.

 ಅವರು ಬೀರುವಿನ ಕಡೆ ಬೆರಳು ತೋರಿಸಿದರು. ಮೇಲಿನ ಅರೆಯಲ್ಲಿ ಹಾಸಿದ್ದ ಹಳೆಯ ಪೇಪರಿನ ಕೆಳಗಿನಿಂದ ಅತ್ತಿಗೆ ಒಂದು ಕವರು ತೆಗೆದು ಅವರ ಕೈಗೆ ಕೊಟ್ಟರು. ಅವರು ಅದನ್ನು ನನಗೆ ಕೊಡಲಿಲ್ಲ, ಹಿಡಿದುಕೊಂಡೇ ಇದ್ದರು. ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಇವರೇ ಅವರು ಎಂದು ತಿಳಿಯಬೇಕಾದರೆ ಹನ್ನೊಂದು ವರ್ಷ ನಾವಿಬ್ಬರೂ ಓದಿದ ಕೀಯನ್ನು ನಾನು ನನ್ನ ಕೈಯಾರೆ ಕೊಲ್ಲಬೇಕು. ಆರನೆಯ ಪದ ನಾಳೆ ನೆನಪಾದರೂ ಆಮೇಲೆ ಏನೂ ಉಪಯೋಗವಿಲ್ಲ.

"ಕೊಡಿ. ಇಲ್ಲದಿದ್ರೆ ಸೋಮವಾರ ಇಲ್ಲ ಅಂತ ಹೇಳಬೇಕಾಗುತ್ತೆ" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಅವರು ಕೊಟ್ಟರು.

ಒಂದೊಂದೇ ಅಕ್ಷರ ನೋಡಿಕೊಂಡು ಟೈಪ್ ಮಾಡಿದೆ. ಮೊದಲ ಸಲ ಕಂಪ್ಯೂಟರ್ ಒಪ್ಪಲಿಲ್ಲ. ಎಲ್ಲೋ ಅಕ್ಷರ ತಪ್ಪಿದೆ ಅಂದಿತು. ಇದು ಸುಳ್ಳು ಕಾಗದ, ಇವರು ಅವರಲ್ಲ ಎಂದು ಲ್ಯಾಪ್‌ಟಾಪ್ ಮುಚ್ಚಲು ಹೋದೆ. ಆಗ ಅವರು ಮುಂದಕ್ಕೆ ಬಾಗಿ, ಪರದೆಯ ಐದನೇ ಸಾಲಿನ ಮೇಲೆ ಎಡಗೈ ಬೆರಳಿಟ್ಟರು. ಸೊನ್ನೆ ಇರಬೇಕಾದ ಕಡೆ ನಾನು ಓ ಒತ್ತಿದ್ದೆ. ತಿದ್ದಿ ಮತ್ತೆ ಕೊಟ್ಟೆ. 'ಕೀ ರದ್ದಾಗಿದೆ' ಎಂದು ಬಂತು. ಪಕ್ಕದಲ್ಲಿ ಅವರ ಹೆಸರು, ಕೆಳಗೆ ನನಗೆ ಬಾಯಿಪಾಠವಾಗಿದ್ದ ಆ ನಲವತ್ತು ಅಕ್ಷರ.

ಇವರೇ. ಬೇರೆ ಯಾರೂ ಅಲ್ಲ. ನನಗೆ ಅಳು ಬಂತು, ತಡೆಯಲು ಹೋಗಲಿಲ್ಲ. ಅತ್ತಿಗೆ ನೀರು ತಂದು ಮುಂದಿಟ್ಟರು. ಈ ಸಲ ಕುಡಿದೆ.

ಇನ್ನು ಹೊಸ ಕೀಯ ಬೆರಳಚ್ಚು ಓದಬೇಕಿತ್ತು. ಅವರು ತಮ್ಮ ಕಂಪ್ಯೂಟರಿನಲ್ಲಿ ಅದನ್ನು ತೆರೆದಿಟ್ಟರು, ನಾನು ನನ್ನದರಲ್ಲಿ. ಮೊದಲ ಗುಂಪು ಅವರದ್ದು. ಬಾಯಿ ತೆರೆದರು. ಗಂಟಲಲ್ಲಿ ಏನೋ ಅಲ್ಲಾಡಿತು, ಶಬ್ದ ಬಂತು, ಅಕ್ಷರ ಬರಲಿಲ್ಲ. "ನಾನು ಓದ್ಲಾ?" ಎಂದರು ಅತ್ತಿಗೆ. ಅವರು ಜೋರಾಗಿ ತಲೆಯಾಡಿಸಿದರು, ಬೇಡ. ಕೊನೆಗೆ ಹತ್ತು ಗುಂಪನ್ನೂ ನಾನೇ ಓದಿದೆ, ಅವರ ಪಾಲಿನದ್ದನ್ನೂ ಸೇರಿಸಿ. ಪ್ರತಿ ಅಕ್ಷರಕ್ಕೆ ಅವರು ಮೇಜಿನ ಮೇಲೆ ಒಂದು ಬಡಿತ ಬಡಿದರು. ಅಷ್ಟು ಹೊತ್ತು ನಾನೊಬ್ಬಳೇ ಮಾತಾಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಮನೆಯ ಗೋಡೆಗಳ ಜೊತೆ ಇದ್ದಾಗಲೂ ನನಗೆ ಅಷ್ಟು ಒಂಟಿತನ ಕಾಡಿರಲಿಲ್ಲ.

ವಿವರ ಬರೆದುಕೊಳ್ಳುವಾಗ ಒಂದು ಸಾಲು ಕಂಡಿತು. ಅವಧಿ: ಇಲ್ಲ.

"ಇದಕ್ಕೆ ಕೊನೇ ದಿನವೇ ಇಟ್ಟಿಲ್ಲವಲ್ಲ?"

ಅವರು ಕಿಟಕಿಯ ಕಡೆ ತಿರುಗಿದರು. ಉತ್ತರ ಅತ್ತಿಗೆಯಿಂದ ಬಂತು. "ಇನ್ನು ಫೋನ್ ಮಾಡೋ ಹಾಗಿಲ್ಲವಲ್ಲ, ದಿನ ಇಟ್ಟು ಏನು ಮಾಡೋದು ಅಂತ ಬರೆದು ತೋರಿಸಿದ್ರು ನನಗೆ."

"ಫೋನಿಗೂ ಇದಕ್ಕೂ ಏನು ಸಂಬಂಧ?"

"ನಿಮಗೆ ಗೊತ್ತಿಲ್ವಾ? ಪ್ರತಿ ವರ್ಷ ಓದೋದು ಬೇಕೇ ಇರಲಿಲ್ವಂತೆ. ಆಯಮ್ಮ ಬಹಳ ಸ್ಟ್ರಿಕ್ಟು, ಸುಮ್ನೆ ಫೋನ್ ಮಾಡಿದ್ರೆ ಕಟ್ ಮಾಡ್ತಾರೆ, ಅದಕ್ಕೇ ವರ್ಷಕ್ಕೊಂದು ದಿನ ಇಟ್ಕೊಂಡಿದೀನಿ ಅಂತಿದ್ರು. ಆವತ್ತು ಅಂಗಡಿ ಮಧ್ಯಾಹ್ನದ ಮೇಲೇ ತೆಗೆಯೋದು. ಫೋನಲ್ಲಿ ಮಾತಾಡೋಕೆ ಯಾರಾದ್ರೂ ಗಡ್ಡ ಬೋಳಿಸ್ಕೊಂಡು, ಒಗೆದ ಶರ್ಟು ಹಾಕ್ಕೊಂಡು ಕೂರ್ತಾರೇನ್ರೀ? ಈ ಪುಣ್ಯಾತ್ಮ ಕೂರ್ತಿದ್ದರು."

ಅವರು ಮೇಜಿನ ಮೇಲೆ ಎಡಗೈ ಬಡಿದರು, ಸಾಕು ಎನ್ನುವ ಹಾಗೆ. ಕಿವಿ ಕೆಂಪಗಾಗಿತ್ತು. ಹನ್ನೊಂದು ವರ್ಷ. ವರ್ಷಕ್ಕೆ ಮುನ್ನೂರ ಅರವತ್ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದು ಒಂದು ದಿನ ಇಬ್ಬರೂ ನಾಟಕವಾಡಿದೆವು. ಒಂದು ಸಲ ಒಬ್ಬರು ನಿಜ ಹೇಳಿದ್ದರೆ ಎಷ್ಟು ಸೋಮವಾರ ಸಿಗುತ್ತಿತ್ತು. ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು.

"ನನಗೂ ಗೊತ್ತಿತ್ತು" ಎಂದೆ. "ಮೊದಲ ವರ್ಷದಿಂದಲೂ ಗೊತ್ತಿತ್ತು."

ಅವರು ತಿರುಗಿ ನೋಡಿದರು. ನಾನು ಕಣ್ಣು ತಪ್ಪಿಸಿ ಲ್ಯಾಪ್‌ಟಾಪ್ ಮುಚ್ಚುತ್ತಾ, "ಅವಧಿ ಇಲ್ಲದ ಕೀನ ನಮ್ಮ ಆಫೀಸು ಒಪ್ಪಲ್ಲ. ಒಂದು ವರ್ಷಕ್ಕೆ ಬದಲಾಯಿಸಿ" ಎಂದೆ. ಅಂಥ ನಿಯಮ ನಮ್ಮಲ್ಲಿಲ್ಲ. ಅದು ಅವರಿಗೂ ಗೊತ್ತಿರಬೇಕು.

ಅವರು ಕೀಬೋರ್ಡನ್ನು ಎಡಗಡೆಗೆ ಎಳೆದುಕೊಂಡರು. ಒಂದೇ ಬೆರಳಿನಿಂದ ಆಜ್ಞೆ ಬರೆಯಲು ಐದು ನಿಮಿಷ ಹಿಡಿಯಿತು. ಎಷ್ಟು ಕಾಲ ಎಂದು ಕಂಪ್ಯೂಟರ್ ಕೇಳಿತು. ಅವರು ಒಂದು ಎಂದು ಒತ್ತಿ, ಅದರ ಪಕ್ಕದಲ್ಲಿ ತಿಂಗಳಿನ ಅಕ್ಷರ ಒತ್ತಿದರು.

"ಅದು ತಿಂಗಳು. ವರ್ಷಕ್ಕೆ ಬೇರೆ ಅಕ್ಷರ" ಎಂದು ತಿದ್ದಲು ಕೈ ಚಾಚಿದೆ. ಅವರು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ಎಂಟರ್ ಒತ್ತಿದರು. ಮುಂದಿನ ತಿಂಗಳ ತಾರೀಖು ಬಂತು, ಕೆಳಗೆ, ಇದು ಸರಿಯೇ ಎಂಬ ಪ್ರಶ್ನೆ. ಅವರು ಕೀಬೋರ್ಡನ್ನು ನಿಧಾನವಾಗಿ ನನ್ನ ಕಡೆ ತಳ್ಳಿದರು.

ನಾನು ಹೌದು ಎಂದು ಒತ್ತಿದೆ.